ಕಲ್ದಿಂಬಿನ ಕಲೆ

ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳು ಬಂಡೆ ಕೊರೆದು ಮಾಡಿಕೊಂಡ ಗುಹಾವಿಹಾರಕ್ಕೆ ಈಗ ನಮ್ಮ ಕಾವಲುಗಾರನೇ ಏಕಚ್ಛತ್ರಾಧಿಪತಿ. ಖಾಕಿ ಅಂಗಿ, ಸೀಟಿ, ಬೀಗದ ಕೈ ಗೊಂಚಲು, ಇಷ್ಟೇ ಅವನ ಚತುರಂಗ ಬಲ. ಬಂದ ಪ್ರವಾಸಿಗರಿಗೆಲ್ಲ ವೈರಾಗ್ಯ ಬೋಧಿಸುತ್ತಿದ್ದ ಈ ಮಹಾನುಭಾವನಿಗೆ ತಾನು ಬಿಡಲಾಗದ್ದು ಒಂದೇ ಇತ್ತು, ಮಧ್ಯಾಹ್ನದ ನಿದ್ದೆ. ಊಟದ ಡಬ್ಬಿ ತೊಳೆದಿಟ್ಟು, ಏಳನೆಯ ಕೋಣೆ ಹೊಕ್ಕು, ಭಿಕ್ಷುಗಳ ಕಲ್ಲುಮಂಚದ ಮೇಲೆ ಮೈಚಾಚಿ, ಎಣ್ಣೆ ಜಿನುಗುವ ತಲೆಯನ್ನು ಕಲ್ದಿಂಬಿಗೆ ಒರಗಿಸಿದನೆಂದರೆ ನಾಲ್ಕು ಗಂಟೆಯವರೆಗೆ ನಿರ್ವಾಣ. ಇಪ್ಪತ್ತಾರು ವರ್ಷ ವ್ರತಭಂಗವಾಗಿರಲಿಲ್ಲ.

ಹೀಗಿರಲು ಇಲಾಖೆಯ ಪಂಡಿತರ ಸವಾರಿ ಬಂತು. ಕಲ್ದಿಂಬಿನ ಮೇಲಿನ ಅಂಗೈಯಗಲದ ಕಪ್ಪು ಕಲೆಗೆ ಭೂತಗನ್ನಡಿ ಹಿಡಿದರು, ಮೂಸಿದರು, ಕಣ್ಣು ಮುಚ್ಚಿ ಪುಳಕಗೊಂಡರು. ಇದು ಭಿಕ್ಷುಗಳು ಶತಮಾನಗಟ್ಟಲೆ ನಡೆಸಿದ ತೈಲಾರ್ಚನೆಯ ಗುರುತೆಂದು ನಿಂತಲ್ಲೇ ಘೋಷಿಸಿದರು. ಮೂರೇ ದಿನದಲ್ಲಿ ಸುತ್ತ ಹಗ್ಗ, ಮುಂದೆ ಫಲಕ. ಬಾಯಿ ಬಿಟ್ಟರೆ ಕೆಲಸದ ವೇಳೆ ಮಲಗಿದ್ದಕ್ಕೆ ನೌಕರಿಗೆ ಸಂಚಕಾರ. ಬಿಡದಿದ್ದರೆ ಮಂಚ ಕೈತಪ್ಪುತ್ತದೆ. ಕಾವಲುಗಾರ ತುಟಿ ಹೊಲಿದುಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತ, ತನ್ನದೇ ತಲೆಯೆಣ್ಣೆಗೆ ಕಾವಲು ಕೂತ.

ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ತಲೆ ಎತ್ತಲೂ ಇಲ್ಲ. "ನಮ್ಮನೆ ದಿಂಬಿನ ಮೇಲೂ ಅದೇ ಕಲೆ ಇದೆಯಲ್ರೀ. ನಾಳೆ ಒಗೆಯೋಣ ಅಂತಿದ್ದೆ. ನಿಮ್ಮ ಪಂಡಿತರನ್ನ ಒಂದು ಮಾತು ಕೇಳ್ಕೊಂಡು ಬನ್ನಿ" ಎಂದಳು.

ವರ್ಷ ಕಳೆದು ಪಂಡಿತರು ಮತ್ತೆ ಬಂದಾಗ ಕಲೆ ಮಾಸಿತ್ತು. ಅಷ್ಟರಲ್ಲಿ ಅದರ ಬಗ್ಗೆ ಅವರ ನೂರು ಪುಟದ ಪ್ರಬಂಧ ಅಚ್ಚಾಗಿಬಿಟ್ಟಿತ್ತು. ಪಂಡಿತರ ಮುಖ ಕಲೆಗಿಂತ ಹೆಚ್ಚು ಮಾಸಿತು.

"ಏನಯ್ಯಾ, ಎರಡು ಸಾವಿರ ವರ್ಷ ಉಳಿದಿದ್ದು ನಿನ್ನ ಕೈಲಿ ಒಂದು ವರ್ಷ ಉಳೀಲಿಲ್ವಾ? ಮುಂದಿನ ತಿಂಗಳು ಹೊರದೇಶದ ವಿದ್ವಾಂಸರು ಬರ್ತಾರೆ. ಅಷ್ಟರಲ್ಲಿ ಇದು ಮೊದಲಿನ ಹಾಗಾಗ್ದಿದ್ರೆ ನೀನು ಮನೆ ಕಡೆ ನಡಿ."

ಕಾವಲುಗಾರ ತಲೆ ಕೆರೆದುಕೊಂಡ. ಬೆರಳಿಗೆ ಎಣ್ಣೆ ಹತ್ತಿತು. ಜೊತೆಗೇ ಜ್ಞಾನೋದಯವೂ ಆಯಿತು.

"ಆಗತ್ತೆ ಸಾರ್. ಆದ್ರೆ ದಿನಾ ಎರಡರಿಂದ ನಾಲ್ಕರವರೆಗೆ ಈ ಕೋಣೆಗೆ ಯಾರೂ ಬರಬಾರ್ದು. ಜನರ ಉಸಿರು ತಾಗಿದ್ರೆ ಕಲೆ ನಿಲ್ಲಲ್ಲ."

ಪಂಡಿತರು ನಿಂತಲ್ಲೇ ಆದೇಶ ಬರೆದು ಸಹಿ ಹಾಕಿದರು. ಕಲೆ ಈಗ ಹಿಂದೆಂದಿಗಿಂತ ಪ್ರಾಚೀನವಾಗಿ ಹೊಳೆಯುತ್ತಿದೆ. ಬಾಗಿಲಲ್ಲಿ 'ಸಂರಕ್ಷಣಾ ಕಾರ್ಯ ನಡೆಯುತ್ತಿದೆ' ಎಂಬ ಫಲಕವಿದೆ. ಒಳಗಿನಿಂದ ಕೇಳುವ ಸದ್ದನ್ನು ಪ್ರವಾಸಿಗರು ಯಾವುದೋ ಯಂತ್ರದ್ದೆಂದು ತಿಳಿದು, ಗೌರವದಿಂದ ತುದಿಗಾಲಲ್ಲಿ ದಾಟುತ್ತಾರೆ.