ರಜೆಗೆಂದು ಎತ್ತಿಟ್ಟ ಆಟ

ನಮ್ಮ ಪತ್ರಿಕಾ ಕಚೇರಿಯಲ್ಲಿ ಯಾವ ದಿನಕ್ಕಾದರೂ ಸಲ್ಲುವ ಲೇಖನಗಳಿಗೆ ಒಂದು ಬೇರೆ ಫೋಲ್ಡರ್ ಇದೆ. ಸುದ್ದಿ ಕಡಿಮೆ ಇರುವ ದಿನ ಅದರಿಂದ ಒಂದನ್ನು ತೆಗೆದು ಪುಟ ತುಂಬಿಸುವುದು ಪದ್ಧತಿ. ಚೆನ್ನೈಯಲ್ಲಿ ಅಂಥ ದಿನ ಅಪರೂಪ. ಒಳಗಿನ ಲೇಖನಗಳು ಹಳತಾಗುತ್ತವೆ, ಯಾರೂ ಅಳಿಸುವುದಿಲ್ಲ.

ವಿಡಿಯೊ ಗೇಮ್‌ಗಳನ್ನೂ ನಾನು ಹಾಗೆಯೇ ಇಟ್ಟುಕೊಂಡೆ. ಬೇಸಿಗೆಯ ಸೇಲ್, ಹಬ್ಬದ ಸೇಲ್, ವರ್ಷಾಂತ್ಯದ ಸೇಲ್. ಶೇಕಡ ಎಪ್ಪತ್ತೈದು ರಿಯಾಯಿತಿ ಎಂದು ಕಂಡರೆ ಕೊಂಡೆ. ಪೋರೂರಿನ ಫ್ಲಾಟಿಗೆ ಬಂದ ಆರು ವರ್ಷಗಳಲ್ಲಿ ಪಟ್ಟಿ ಇನ್ನೂರು ದಾಟಿತು. ಕೊನೆ ಮುಟ್ಟಿಸಿದ್ದು ಹದಿನಾಲ್ಕು. ಉಳಿದವುಗಳಲ್ಲಿ ಹಲವನ್ನು ಅರ್ಧ ಗಂಟೆ ಆಡಿ ಬಿಟ್ಟಿದ್ದೆ. ವರದಿಯ ಮೊದಲ ಪ್ಯಾರಾ ಓದಿ ಬೆಲೆ ಕಟ್ಟುವ ಅಭ್ಯಾಸ ನನ್ನದು. ಆಟದಲ್ಲೂ ಅಷ್ಟಕ್ಕೇ ಕೈ ಮುಂದಿನದರತ್ತ ಹೋಗುತ್ತಿತ್ತು.

ಒಂದು ಆಟ ಮಾತ್ರ ಮಗಳಿಗೂ ನನಗೂ ಸೇರಿದ್ದು. ನದಿಯಲ್ಲಿ ದೋಣಿ, ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ದೀಪ ಹಿಡಿಯಬೇಕು. ಒಬ್ಬರೇ ಆಡುವಂತಿಲ್ಲ. ಅವಳು ಎಂಟನೆಯ ತರಗತಿಯಲ್ಲಿದ್ದಾಗ ಮೂರನೆಯ ತಿರುವಿನವರೆಗೆ ಹೋಗಿದ್ದೆವು. ಅಷ್ಟರಲ್ಲಿ ಒಂದು ಸೇಲ್ ಬಂತು, ನಾನು ಹೊಸ ಆಟಗಳನ್ನು ತೆರೆದು ನೋಡತೊಡಗಿದೆ. ಅವಳು ಕೇಳಿದಾಗಲೆಲ್ಲ ‘ರಜೆ ಬರಲಿ’ ಎಂದೆ. ನನ್ನ ವಾರದ ರಜೆ ಮಂಗಳವಾರ, ಅವಳದು ಭಾನುವಾರ. ಶಾಲೆ ನಡೆಯುವಾಗ ಇಬ್ಬರಿಗೂ ಒಟ್ಟಿಗೆ ಸಿಗುವುದು ಪತ್ರಿಕೆಗೆ ರಜೆ ಇರುವ ಕೆಲವೇ ಹಬ್ಬಗಳು. ಅವಳೀಗ ಹತ್ತನೆಯ ತರಗತಿ. ಕೇಳುವುದು ಕಡಿಮೆಯಾಗಿತ್ತು. ಅದು ಪೂರ್ತಿ ನಿಲ್ಲುವ ಮೊದಲು ಆ ನದಿಯನ್ನು ಅವಳೊಂದಿಗೆ ದಾಟಬೇಕೆಂಬ ಅವಸರ ನನ್ನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಈ ವರ್ಷದ ಆಯುಧಪೂಜೆಯನ್ನು ಅದಕ್ಕೆಂದೇ ಇಟ್ಟಿದ್ದೆ. ಬೆಳಿಗ್ಗೆ ಹಾಲು ತರಲು ಹೋದಾಗ ಆಟೋಗಳಿಗೆಲ್ಲ ಬಾಳೆಕಂದು ಕಟ್ಟಿತ್ತು, ರಸ್ತೆಯ ಮೇಲೆ ಒಡೆದ ಬೂದುಗುಂಬಳ. ಮನೆಗೆ ಬಂದು ಟಿವಿಯ ಕೆಳಗೆ ಕೈ ಹಾಕಿದರೆ ಆಟದ ಕಂಟ್ರೋಲರ್‌ಗಳಿಲ್ಲ. ದೇವರ ಮುಂದಿನ ಮಣೆಯ ಮೇಲೆ, ಮಗಳ ಪುಸ್ತಕ, ನನ್ನ ಲ್ಯಾಪ್‌ಟಾಪ್, ಅಡುಗೆಮನೆಯ ಚಾಕು ಇವುಗಳ ನಡುವೆ ಎರಡೂ ಇದ್ದವು. ಗಂಧ, ಕುಂಕುಮ, ತಲೆಗೊಂದು ಸೇವಂತಿಗೆ.

‘ಮುಟ್ಟಬೇಡಿ ರೀ,’ ಎಂದಳು ಹೆಂಡತಿ. ‘ಪೂಜೆಗಿಟ್ಟಿದ್ದು ನಾಳೆವರೆಗೂ ತೆಗೆಯೋ ಹಾಗಿಲ್ಲ.’

‘ಇದೂ ಆಯುಧನಾ?’

‘ನೀವು ಮನೇಲಿ ಹಿಡಿಯೋದು ಅದೊಂದೇ ತಾನೆ. ಸೌಟು ಹಿಡಿದಿದ್ರೆ ಸೌಟು ಇಡ್ತಿದ್ವಿ.’

‘ನಾನೇ ಇಟ್ಟೆ ಅಪ್ಪಾ,’ ಎಂದು ಮಗಳು ನಕ್ಕಳು.

‘ಇವತ್ತು ದೋಣಿ ಆಟ ಆಡೋಣ ಅಂತಿದ್ದೆ.’

ಮಗಳು ಚೆನ್ನೈ ಶಾಲೆಯಲ್ಲಿ ಬೆಳೆದವಳು. ಮುಖ್ಯವಾದದ್ದು ಅವಳ ಬಾಯಿಗೆ ಮೊದಲು ತಮಿಳಿನಲ್ಲೇ ಬರುತ್ತದೆ. ‘ಅದು ಮುಡಿಂಜಾಚ್ಚು ಅಪ್ಪಾ. ಸಮ್ಮರ್ ಲೀವಲ್ಲಿ ಫ್ರೆಂಡ್ ಜೊತೆ ಫುಲ್ಲಾ ಮುಗಿಸಿಬಿಟ್ಟೆ.’

‘ನಂಗೆ ಹೇಳ್ಲೇ ಇಲ್ಲ.’

‘ನೀನು ಕೇಳ್ಲೇ ಇಲ್ಲ.’

ಮಾತಿನಲ್ಲಿ ಸಿಟ್ಟಿರಲಿಲ್ಲ.

ಅಂದು ಬಾಲ್ಕನಿಗೂ ಕೋಣೆಗೂ ಓಡಾಡಿದೆ. ಪೂಜೆಯಿಂದ ವಿನಾಯಿತಿ ಇದ್ದದ್ದು ಫೋನಿಗೆ ಮಾತ್ರ. ಹಬ್ಬದ ಸೇಲ್ ನಡೆಯುತ್ತಿತ್ತು. ಹನ್ನೊಂದರೊಳಗೆ ಆ ಪುಟವನ್ನು ನಾಲ್ಕು ಸಲ ತೆರೆದಿದ್ದೆ. ಊಟಕ್ಕೆ ಮುಂಚೆ, ಇಬ್ಬರು ಆಡುವಂಥವನ್ನೇ ಹುಡುಕಿ ಮೂರು ಆಟ ಕೊಂಡು ಮಗಳಿಗೆ ತೋರಿಸಿದೆ.

ಅವಳು ಚಿತ್ರಗಳನ್ನು ನೋಡಿ ಫೋನ್ ವಾಪಸ್ ಕೊಟ್ಟಳು. ‘ನೈಸ್. ಇದೆಲ್ಲ ಯಾವ ರಜೆಗೆ?’

‘ನಿನ್ನ ಮದುವೆಗೆ,’ ಎಂದಳು ಹೆಂಡತಿ, ಅಡುಗೆಮನೆಯಿಂದಲೇ.

ಮಣೆಯಿಂದ ಇಳಿಸಿದ ವಸ್ತುವನ್ನು ವಿಜಯದಶಮಿಯ ಬೆಳಿಗ್ಗೆ ಸ್ವಲ್ಪವಾದರೂ ಬಳಸಬೇಕೆಂಬುದು ನಮ್ಮ ಮನೆಯ ರೂಢಿ. ಮಗಳು ಪುಸ್ತಕ ತೆರೆದು ಒಂದು ಪಾಠ ಓದಿದಳು. ಹೆಂಡತಿ ಕಂಟ್ರೋಲರ್‌ಗಳ ಕುಂಕುಮ ಒರೆಸಿ ನಮ್ಮಿಬ್ಬರ ಕೈಗೂ ಒಂದೊಂದು ಕೊಟ್ಟಳು. ‘ಶಾಸ್ತ್ರಕ್ಕೆ ಹತ್ತು ನಿಮಿಷ ಆಡಿ.’

ಹೊಸ ಮೂರರಲ್ಲಿ ಯಾವುದು ಎಂದು ನಾನು ಯೋಚಿಸುತ್ತಿರುವಾಗಲೇ ಮಗಳು ದೋಣಿಯ ಆಟವನ್ನು ತೆರೆದಳು, ಮೊದಲಿನಿಂದ. ದೀಪವನ್ನು ನನಗೆ ಬಿಟ್ಟಳು. ಎಲ್ಲಿ ಬಂಡೆ, ಎಲ್ಲಿ ಸುಳಿ ಎಂಬುದೆಲ್ಲ ಅವಳಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ನಾನು ಬೆಳಕನ್ನು ಅತ್ತಿತ್ತ ಹಾಯಿಸುತ್ತಿದ್ದೆ.

‘ದೂರ ಯಾಕೆ ನೋಡ್ತೀಯಾ ಅಪ್ಪಾ. ದೋಣಿ ಮುಂದೆ ಹಿಡಿ, ನಂಗೆ ಕಾಣಲ್ಲ.’

ಹತ್ತು ನಿಮಿಷ ಒಂದು ಗಂಟೆಯಾಯಿತು. ಎರಡನೆಯ ತಿರುವಿನಲ್ಲಿದ್ದಾಗ ನಾನು ಕಚೇರಿಗೆ ಹೊರಡಬೇಕಾಯಿತು.

‘ಮಂಗಳವಾರ?’ ಎಂದೆ.

‘ಟ್ಯೂಷನ್ ಇದೆ. ಏಳಕ್ಕೆ ಬರ್ತೀನಿ.’ ಬಾಗಿಲವರೆಗೂ ಬಂದಳು. ‘ಅಷ್ಟರೊಳಗೆ ಬೇರೆ ಏನಾದ್ರೂ ಓಪನ್ ಮಾಡಿದ್ರೆ ನಾನು ಆಡಲ್ಲ.’

ಮಂಗಳವಾರ ಇಡೀ ದಿನ ಮನೆಯಲ್ಲಿದ್ದೆ. ಮೂರು ಹೊಸ ಆಟಗಳೂ ಡೌನ್‌ಲೋಡ್ ಆಗಿದ್ದವು. ಎರಡು ಸಲ ಟಿವಿ ಹಾಕಿ ಆಫ್ ಮಾಡಿದೆ. ಕಂಟ್ರೋಲರ್ ಹಿಡಿದು ಸುಮ್ಮನೆ ಕೂತೆ, ಎದ್ದೆ, ಒಗೆದ ಬಟ್ಟೆ ಮಡಿಸಿದೆ. ಏಳಾಯಿತು, ಅವಳು ಬರಲಿಲ್ಲ.

ಬಂದದ್ದು ಏಳು ಇಪ್ಪತ್ತಕ್ಕೆ. ಬಂದವಳೇ ಟಿವಿ ಹಾಕಿ, ಇತ್ತೀಚೆಗೆ ಆಡಿದ ಆಟಗಳ ಪಟ್ಟಿ ತೆರೆದು ನೋಡಿದಳು. ಮೇಲಿನ ಸಾಲಿನಲ್ಲಿ ದೋಣಿಯೇ ಇತ್ತು. ಹೆಗಲಿನ ಬ್ಯಾಗು ಇಳಿಸಿದಳು.