ಸದ್ದು ಕೇಳಿದ ಮೇಲೆ ಹಚ್ಚಿದ ದೀಪ

ದೇವನಹಳ್ಳಿ ಸೀಮೆಯಲ್ಲೆಲ್ಲ ಹುಡುಕಿದರೂ ಚಿಕ್ಕವೆಂಕಟಪ್ಪನಂಥ ಜುಗ್ಗ ಇನ್ನೊಬ್ಬ ಸಿಗುತ್ತಿರಲಿಲ್ಲ. ಅವನ ಜುಗ್ಗತನವೆಲ್ಲ ಸೀಮೆಎಣ್ಣೆಯ ಮೇಲೆ ಮಾತ್ರ. ಮನೆಗೆ ಬಂದವರಿಗೆ ಮುದ್ದೆಯ ಮೇಲೆ ಮುದ್ದೆ ಇಕ್ಕಿಸುತ್ತಿದ್ದ, ಇಕ್ಕಿದ ಕೂಡಲೇ ದೀಪದ ಬತ್ತಿ ಇಳಿಸುತ್ತಿದ್ದ. "ಬಾಯೆಲ್ಲಿದೆ ಅಂತ ಕೈಗೆ ಗೊತ್ತಿಲ್ವಾ?" ಅನ್ನುತ್ತಿದ್ದ.

ಇಂಥವನಿಗೆ ಸಿಕ್ಕ ಕೆಲಸ ನೋಡಿ, ಊರಾಚೆಯ ವಿಮಾನ ತರಬೇತಿ ಮೈದಾನದಲ್ಲಿ ದೀಪ ಹಚ್ಚುವುದು! ಅಲ್ಲಿ ಕರೆಂಟು ದೀಪಗಳಿರಲಿಲ್ಲ. ಮುಸ್ಸಂಜೆಯಲ್ಲಿ ಇಳಿಯುವ ವಿಮಾನಕ್ಕೆ ದಾರಿ ಕಾಣಲೆಂದು ರನ್‌ವೇಯ ಎರಡೂ ಬದಿಗೆ ಸೀಮೆಎಣ್ಣೆ ದೀಪಗಳನ್ನು ಸಾಲಾಗಿ ಇಡುತ್ತಿದ್ದರು. ಗಿಡಕ್ಕೆ ನೀರು ಹಾಕುವ ಡಬ್ಬದಂಥ ದೀಪಗಳು, ಮೂತಿಯಲ್ಲಿ ದಪ್ಪ ಬತ್ತಿ. ವಿಮಾನ ಇನ್ನೂ ಎಲ್ಲೋ ಇರುವಾಗಲೇ ಅವು ಭಗಭಗ ಉರಿಯುವುದನ್ನು ನೋಡಿ ಚಿಕ್ಕವೆಂಕಟಪ್ಪನ ಹೊಟ್ಟೆ ಉರಿಯುತ್ತಿತ್ತು.

ಎಪ್ಪತ್ನಾಲ್ಕರಲ್ಲಿ ಎಣ್ಣೆಗೇ ಬರ ಬಂತು. ಅವನ ಹೆಂಡತಿ ಮುನಿತಾಯಮ್ಮ ಸೊಸೈಟಿ ಮುಂದೆ ಡಬ್ಬ ಹಿಡಿದು ನಿಂತು ನಿಂತು ಬರಿಗೈಯಲ್ಲಿ ಬಂದಳು. ಮೈದಾನದ ಮ್ಯಾನೇಜರು, ಇನ್ನು ಮೇಲೆ ವಿಮಾನಕ್ಕೆ ಹೋಗಿ ಬರುವಷ್ಟೇ ಪೆಟ್ರೋಲ್ ಎಂದು ಅಪ್ಪಣೆ ಮಾಡಿದರು. ಚಿಕ್ಕವೆಂಕಟಪ್ಪ ಇದೇ ಸಮಯವೆಂದು ಬಾಯಿಬಿಟ್ಟ.

"ಸ್ವಾಮಿ, ಸದ್ದು ಕೇಳಿದ್ಮೇಲೆ ದೀಪ ಹಚ್ತೀನಿ. ಅವ್ರು ಮೇಲೆ ಒಂದೆರಡು ಸುತ್ತು ಹೊಡೆಯೋದ್ರೊಳಗೆ ಮುಗಿಸ್ಬಿಡ್ತೀನಿ."

ಮ್ಯಾನೇಜರು ಭೇಷ್ ಅಂದರು. ಶೆಡ್ಡಿನಲ್ಲಿ ಹೀಗೆ ಉಳಿಸಿದ ಎಣ್ಣೆಯ ಡಬ್ಬ ತುಂಬತೊಡಗಿತು. ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಇಸ್ಹಾಕ್ ಸಾಹೇಬರು, ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿಗಳ ಮನೆಯವರು, ಇಳಿದು ಬಂದಾಗೆಲ್ಲ ನಗುತ್ತಿದ್ದರು. "ಏನಪ್ಪಾ ಚಿಕ್ಕಣ್ಣ, ನನ್ನ ಗಿರಗಿಟ್ಲೆ ಮಾಡ್ಬಿಟ್ಟೆಯಲ್ಲ!" ಇವನೂ ನಗುತ್ತಾ ಡಬ್ಬ ತೋರಿಸುತ್ತಿದ್ದ.

ಒಂದು ದಿನ ಸಂಜೆ ಎದುರುಗಾಳಿ ಜೋರಾಗಿತ್ತು. ಒಬ್ಬರೇ ಹೋಗಿದ್ದ ಸಾಹೇಬರು ಬರುವುದು ತಡವಾಯಿತು. ಸದ್ದು ಕೇಳಿದ್ದೇ ಚಿಕ್ಕವೆಂಕಟಪ್ಪ ಪಂಜು ಹಿಡಿದು ಓಡಿದ. ಹಚ್ಚಿದ ದೀಪವನ್ನು ಗಾಳಿ ಆರಿಸುತ್ತಿತ್ತು. ಮತ್ತೆ ಹಿಂದಕ್ಕೆ ಓಡಿ ಹಚ್ಚುತ್ತಿದ್ದ. ವಿಮಾನ ತಲೆಯ ಮೇಲೆ ಒಂದು ಸುತ್ತು ಬಂತು, ಇನ್ನೊಂದು ಬಂತು, ಮತ್ತೂ ಒಂದು. ಅಂತೂ ಒಂದು ಬದಿಯ ಸಾಲು ಮುಗಿಯಿತು.

ಅಷ್ಟರಲ್ಲಿ ಸದ್ದು ಕೆಮ್ಮಿದಂತಾಗಿ ನಿಂತೇ ಹೋಯಿತು.

ವಿಮಾನ ಮೇಲಿರುವಾಗ ಆಕಾಶ ಹಾಗೆ ಸುಮ್ಮನಾದದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಕರ್ರಗಿನದೇನೋ ಸುಯ್ಯೆಂದು ಪಕ್ಕದಲ್ಲೇ ಹಾದು, ದೀಪವಿಲ್ಲದ ಬದಿಯನ್ನು ದಾಟಿ ರಾಗಿ ಹೊಲಕ್ಕೆ ಬಿತ್ತು. ಮರ ಮುರಿದಂಥ ಸದ್ದಾಯಿತು.

"ಅಯ್ಯೋ ಸಾಹೇಬ್ರೇ!" ಎಂದು ಕಿರುಚಿಕೊಂಡು ಓಡಿದ.

ಇಸ್ಹಾಕ್ ಸಾಹೇಬರು ಬದುವಿನ ಮೇಲೆ ಕುಳಿತಿದ್ದರು. ಹಣೆಯಲ್ಲಿ ರಕ್ತ, ಬಲಗೈ ಜೋತುಬಿದ್ದಿತ್ತು.

"ಹೆದರ್ಬೇಡ, ಬೆಂಕಿ ಹತ್ತಲ್ಲ. ಒಳಗೆ ಒಂದು ತೊಟ್ಟು ಪೆಟ್ರೋಲ್ ಇಲ್ಲ," ಅಂದರು.

"ಯಾಕೆ ಸಾಹೇಬ್ರೇ? ಅಳೆದು ಹಾಕಿದ್ರಲ್ಲ!"

"ಬಂದಾಗ ಇಳಿಯೋಷ್ಟು ಇತ್ತು ಚಿಕ್ಕಣ್ಣ. ನಿನ್ನ ದೀಪಕ್ಕೆ ಕಾಯ್ತಾ ಸುತ್ತಿದ್ನಲ್ಲ, ಮುಗಿದೋಯ್ತು."

ಸಿಟ್ಟಿನಿಂದ ಅಂದಿದ್ದರೆ ಚಿಕ್ಕವೆಂಕಟಪ್ಪ ತಡೆದುಕೊಳ್ಳುತ್ತಿದ್ದ. ಇಷ್ಟು ದಿನ ಕೆಳಗೆ ಡಬ್ಬ ತುಂಬುವುದನ್ನು ನೋಡಿ ಹಿಗ್ಗಿದ್ದನಲ್ಲ, ಮೇಲೆ ಏನು ಖಾಲಿಯಾಗುತ್ತಿದೆಯೆಂದು ಒಂದು ದಿನವಾದರೂ ಕತ್ತೆತ್ತಿ ನೋಡಿದ್ದನೇ? ಮಣ್ಣಿನಲ್ಲೇ ಕುಸಿದು ಕುಳಿತು ತಲೆ ಚಚ್ಚಿಕೊಂಡ. ಅವನನ್ನು ಸಮಾಧಾನ ಮಾಡುವ ಕೆಲಸವೂ ಸಾಹೇಬರ ಪಾಲಿಗೇ ಬಂತು.

ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಇಸ್ಹಾಕ್ ಸಾಹೇಬರು ವಿಮಾನ ಬಿಟ್ಟು ಸೀರೆ ಅಂಗಡಿಯಲ್ಲಿ ಕುಳಿತರು. ಮೈದಾನದಲ್ಲಿ ಮತ್ತೆ ಮೊದಲಿನಂತೆಯೇ, ವಿಮಾನ ಬರುವ ಮುಂಚೆಯೇ ದೀಪಗಳು ಉರಿಯತೊಡಗಿದವು.

ಮನೆಯಲ್ಲೂ ಅಷ್ಟೇ. ಹೊಲಕ್ಕೆ ಹೋದ ಮುನಿತಾಯಮ್ಮ ಹಿಂತಿರುಗುವ ಹೊತ್ತಿಗೆ ಹೊಸಿಲ ಪಕ್ಕ ಲಾಟೀನು ಉರಿಯುತ್ತಿರುತ್ತಿತ್ತು.

"ಇನ್ನೂ ಹೊತ್ತೇ ಮುಳುಗಿಲ್ಲ, ಈಗ್ಲೇ ಯಾಕೆ ದೀಪ?" ಎಂದು ಅವಳು ಬೈದರೆ, ಚಿಕ್ಕವೆಂಕಟಪ್ಪ ಮೊದಲು ಆಕಾಶದ ಕಡೆ ಒಮ್ಮೆ ನೋಡುತ್ತಿದ್ದ.

"ಬರೋರು ಕಾಯಬಾರ್ದು ಕಣೇ."