ಸಮೀಉಲ್ಲಾನ ಮೊದಲ ಸಾಲು

ರಾಯಚೂರಿನ ಕಾಲುವೆ ಕಚೇರಿಯಲ್ಲಿ ಸಮೀಉಲ್ಲಾ ಗೊತ್ತಿಲ್ಲದವರಿಲ್ಲ. ಗೊತ್ತಿಲ್ಲದವರು ಯಾರಾದರೂ ಸಿಕ್ಕರೆ ಅವನೇ ಹೋಗಿ ಗೊತ್ತು ಮಾಡಿಸಿ ಬರುತ್ತಾನೆ. ವರ್ಷಗಟ್ಟಲೆ ಟಪಾಲು ವಿಭಾಗದಲ್ಲಿ ಲಕೋಟೆಗಳಿಗೆ ಸಿಕ್ಕಾ ಹೊಡೆದ ಮನುಷ್ಯ. ಒಂದು ದಿನ ಏನು ಹಟ ಹಿಡಿಯಿತೋ, ಕಂಪ್ಯೂಟರ್ ಕಲಿತೇ ಬಿಟ್ಟ. ಈಗ ಎಲ್ಲರ ಬಾಯಲ್ಲೂ ‘ಮಾಡೆಲ್ ಸಮೀಉಲ್ಲಾ’.

ಮೇಲ್ಗಡೆ ತೂಬು ಎತ್ತಿದರೆ ಕಾಲುವೆಯ ಕೊನೆಯ ಗದ್ದೆಗೆ ನೀರು ಯಾವಾಗ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರಿಗೆ ಮಾಡೆಲ್ ಎನ್ನುತ್ತಾರೆ. ಯಾವುದೋ ದೇಶದ ವಿಜ್ಞಾನಿಗಳು ಅದನ್ನು ಫೋರ್ಟ್ರಾನ್ ಎಂಬ ಮುದಿ ಭಾಷೆಯಲ್ಲಿ ಬರೆದು, ಬೇಕಾದವರು ತೆಗೆದುಕೊಳ್ಳಿ ಎಂದು ಬಿಟ್ಟಿದ್ದರು. ಆದರೆ ಅದು ರೆಡಿಮೇಡ್ ಅಂಗಿಯಲ್ಲ. ಬಟ್ಟೆ ತಂದು ಹೊಲಿಸಿಕೊಳ್ಳಬೇಕು. ರಾಯಚೂರಿನ ಕಂಪ್ಯೂಟರಿನಲ್ಲಿ ಲಿನಕ್ಸ್, ದೇವದುರ್ಗದ್ದರಲ್ಲಿ ಹಳೆಯ ವಿಂಡೋಸ್, ಮಾನ್ವಿಯ ಸಾಹೇಬರದು ಮ್ಯಾಕ್. ಒಂದೊಂದರ ಅಳತೆಯೂ ಬೇರೆ. ಬರೆದ ಸಾಲುಗಳನ್ನು ಆಯಾ ಯಂತ್ರದ ಅಳತೆಗೆ ಹೊಲಿದು ಕೊಡುವ ದರ್ಜಿಯೇ ಕಂಪೈಲರ್.

ರಾಯಚೂರಿನ ದರ್ಜಿ ಹೊಲಿದು ಕೊಟ್ಟ. ನಡುವೆ ಪರದೆಯ ಮೇಲೆ ಏನೋ ವಾರ್ನಿಂಗ್ ಮೂಡಿತು. ಸಮೀಉಲ್ಲಾ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

“ವಾರ್ನಿಂಗ್ ಅಂದ್ರ ಅತ್ತಿ ವಟವಟ ಇದ್ದಂಗ, ಕಿವಿಗೆ ಹಾಕ್ಕೋಬಾರ್ದು. ಎರರ್ ಅಂದ್ರ ಅತ್ತಿ ಬಾಗ್ಲಾ ಹಾಕ್ಕೊಂಡಂಗ. ಅದಕ್ಕ ಮಾತ್ರ ಅಂಜಬೇಕು,” ಎಂದು ಸುತ್ತ ನಿಂತವರಿಗೆ ಪಾಠ ಬೇರೆ ಹೇಳಿದ.

ಅಷ್ಟರಲ್ಲಿ ಮಾನ್ವಿಯ ಎಂಜಿನಿಯರ್ ಉದಯಕುಮಾರರ ಫೋನು ಬಂತು. ಪೋತ್ನಾಳದ ಕಡೆಯ ರೈತರು ನಾಟಿಗೆ ನೀರು ಯಾವಾಗ ಎಂದು ದಿನಾ ಬಂದು ಅವರ ಬಾಗಿಲಲ್ಲಿ ಕೂರುತ್ತಿದ್ದರು.

“ಶುಕ್ರವಾರ ನನ್ನ ಲ್ಯಾಪ್‌ಟಾಪಿನ್ಯಾಗ ನಿಮ್ಮ ಮಾಡೆಲ್ ನಡೀಬೇಕ್ರಿ. ನಡೀಲಿಲ್ಲಂದ್ರ ಹೈದರಾಬಾದಿನ ಕಂಪನಿದು ತಗೊಂತೀವಿ. ನೀವು ವಾಪಸ್ ಟಪಾಲಿಗೆ ಹೋಗ್ರಿ.”

ಸಮೀಉಲ್ಲಾ ಫೋನು ಇಟ್ಟ. ಮತ್ತೆ ಅದೇ ಸಿಕ್ಕಾ, ಅದೇ ಗೋಂದು! ಮನೆಯಲ್ಲಿ ಹೆಂಡತಿ ಆತಿಯಾ ನೆರೆಹೊರೆಗೆಲ್ಲ ‘ನಮ್ಮವರು ಸೈಂಟಿಸ್ಟು’ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅವಳಿಗೆ ಯಾವ ಮುಖ ತೋರಿಸುವುದು?

ಮಾನ್ವಿಗೆ ಹೋಗುವ ಮೊದಲು ದೇವದುರ್ಗದ ಭಾಗವನ್ನೂ ಮಾಡೆಲಿಗೆ ಸೇರಿಸಬೇಕಿತ್ತು. ಗುರುವಾರ ಗಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು ಅಲ್ಲಿಗೆ ಹೋದ. ಅಲ್ಲಿಯ ಆಪರೇಟರ್ ಅಮರೇಶ ಮಿದು ಮಾತಿನ ಹುಡುಗ. ತನ್ನ ಭಾಗದ ಕಾಲುವೆಯ ಫೈಲನ್ನು ತಾನೇ ಬರೆದಿಟ್ಟಿದ್ದ. ಕಂಪೈಲ್ ಕೊಟ್ಟರೆ ಎರರ್. ಸಮೀಉಲ್ಲಾ ಕಂಪೈಲರನ್ನೇ ಕಿತ್ತು ಮತ್ತೆ ಹಾಕಿದ. ವಿಂಡೋಸನ್ನು ಬೈದ, ಫ್ಯಾನನ್ನು ಬೈದ, ಬಿಸಿಲನ್ನೂ ಬಿಡಲಿಲ್ಲ. ಕರೆಂಟು ಹೋಗಿ ಬಂತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಮರೇಶನ ಫೈಲು ತೆರೆದು ನೋಡಿದರೆ ಮೊದಲ ಸಾಲಿನಲ್ಲಿ ಏನಿರಬೇಕು? ‘ಶ್ರೀ’!

“ಏನಲೇ ಇದು?”

“ಹೊಸಾ ಫೈಲ್ ಅಲ್ರೀ ಸರ್, ಅದಕ್ಕ...”

“ಕಂಪೈಲರ್ ಅಂದ್ರ ನಿಮ್ಮ ಕಿರಾಣಿ ಚೀಟಿ ಅಂತ ತಿಳ್ಕೊಂಡೀಯೇನು? ಯಂತ್ರಕ್ಕ ದೇವರು ದಿಂಡರು ತಿಳೀತದೇನಲೇ? ಇಷ್ಟ್ ಓದಿ ಬುದ್ಧಿ ಮಣಕಾಲಾಗ ಇಟ್ಕೊಂಡೀ! ಅಳಿಸ್ ಅದನ್ನ.”

ಅಮರೇಶನ ಬೆರಳು ಕೀಲಿಯ ಮೇಲೆ ಹೋಯಿತು, ಕೆಳಗಿಳಿಯಲಿಲ್ಲ. ಸಮೀಉಲ್ಲಾ ಅವನ ಕೈ ಸರಿಸಿ ತಾನೇ ಅಳಿಸಿದ. ಮಾಡೆಲ್ ನಡೆಯಿತು. ಕಚೇರಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಮರೇಶನ ಮುಖ ಸಣ್ಣದಾಯಿತು.

ಶುಕ್ರವಾರ ಆ ಫೈಲಿನ ಜೊತೆ ಅಮರೇಶನನ್ನೂ ಕರೆದುಕೊಂಡು ಮಾನ್ವಿಗೆ ಬಂದ. ವರಾಂಡದಲ್ಲಿ ರೈತರು, ಒಳಗೆ ಉದಯಕುಮಾರರ ಮ್ಯಾಕ್. ಅದರೊಳಗಿನ ಕಂಪೈಲರ್ ಬೇರೆ ಕಂಪನಿಯದು, ಬಲು ಬಿಗಿ. ಎರಡು ಕ್ಷಣವೂ ಆಗಲಿಲ್ಲ, ನಿಂತುಬಿಟ್ಟಿತು. ಮುಖ್ಯ ಫೈಲು, ಮೊದಲ ಸಾಲು, ಎರರ್. ಸಮೀಉಲ್ಲಾ ಫೈಲು ತೆರೆದ.

786.

ಬಳೆ ಅಂಗಡಿಯ ಮೌಲಾಹುಸೇನನ ಮಗ ಅವನು. ಹೊಸ ಹಾಳೆಗೆ ಮೊದಲು ಬಿಸ್ಮಿಲ್ಲಾದ ಅಂಕಿ 786, ಆಮೇಲೆ ಉಳಿದದ್ದು ಎಂದು ಅಪ್ಪ ಕಲಿಸಿದ್ದ. ಪರೀಕ್ಷೆಯ ಉತ್ತರಪತ್ರಿಕೆಗೂ ಅದೇ, ರಜಾ ಅರ್ಜಿಗೂ ಅದೇ. ಮಾಡೆಲಿಗೆ ಕೈ ಹಚ್ಚಿದ ದಿನ ಕೈ ತಾನಾಗಿಯೇ ಬರೆದುಬಿಟ್ಟಿತ್ತು, ಇವನಿಗೆ ನೆನಪೂ ಇರಲಿಲ್ಲ. ಫೋರ್ಟ್ರಾನಿನಲ್ಲೋ, ಸಾಲಿನ ಮುಂದೆ ಅಂಕಿ ಇದ್ದರೆ ಅದು ಮನೆ ನಂಬರ್ ಇದ್ದಂತೆ. ಇಲ್ಲಿ ನಂಬರ್ ಇತ್ತು, ಮನೆಯೇ ಇರಲಿಲ್ಲ. ರಾಯಚೂರು, ದೇವದುರ್ಗದ ಕಂಪೈಲರುಗಳು ವಟವಟ ಅಂದು ಸುಮ್ಮನಾಗಿದ್ದವು. ಮಾನ್ವಿಯದು ಬಾಗಿಲು ಹಾಕಿಕೊಂಡಿತು.

ನಿನ್ನೆ ಆಡಿದ ಒಂದೊಂದು ಮಾತೂ ಎದುರಿಗೆ ಬಂದು ನಿಂತಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೆನ್ನ ಹಿಂದೆಯೇ ಅಮರೇಶ ನಿಂತು ಪರದೆ ನೋಡುತ್ತಿದ್ದ. ಅವನೊಂದು ಮಾತು ಅಂದರೆ ಮುಗಿಯಿತು.

“ಏನಾತ್ರಿ?” ಕಿಟಕಿಯ ಹತ್ತಿರ ಫೋನಿನಲ್ಲಿದ್ದ ಉದಯಕುಮಾರರು ಕೇಳಿದರು.

ಸಮೀಉಲ್ಲಾನ ಬೆರಳು ಅಳಿಸುವ ಕೀಲಿಯ ಮೇಲೆ ಹೋಯಿತು. ಕೆಳಗಿಳಿಯಲಿಲ್ಲ.

ಅಮರೇಶ ಬಗ್ಗಿ, ಮೆಲ್ಲಗೆ ಅಂದ: “ಯಾಕ್ ಅಳಿಸ್ತೀರಿ ಸರ್? ಮುಂದೊಂದು ಸಿ ಹಾಕ್ರಿ. ಅದು ಓದಂಗಿಲ್ಲ, ನಿಮ್ದು ನಿಮಗ ಇರ್ತದ.”

ಮುಂದೆ ಸಿ ಎಂಬ ಅಕ್ಷರವಿದ್ದ ಸಾಲನ್ನು ಕಂಪೈಲರ್ ಬಿಟ್ಟು ಮುಂದೆ ಹೋಗುತ್ತದೆ ಎಂಬುದು ಸಮೀಉಲ್ಲಾನಿಗೆ ಗೊತ್ತಿಲ್ಲದ್ದೇನಲ್ಲ. ನಿನ್ನೆಯೂ ಗೊತ್ತಿತ್ತು. ‘ಶ್ರೀ’ಯ ಮುಂದೆ ಅದನ್ನು ಹಾಕುವ ಮನಸ್ಸು ಇರಲಿಲ್ಲ, ಅಷ್ಟೇ. ಅದು ಅವನಿಗೆ ಈಗ ಚುರುಕ್ಕೆಂದಿತು.

ಸಿ ಹಾಕಿದ. ಸಾಲುಗಳು ಸರಸರ ಓಡಿದವು. ಕಂಪೈಲ್ ಆಯಿತು.

“ಏನ್ ತಪ್ಪಿತ್ರಿ?” ಉದಯಕುಮಾರರು ಹತ್ತಿರ ಬಂದರು.

ತಪ್ಪನ್ನು ಮ್ಯಾಕಿನ ಮೇಲೆ ಹಾಕಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. “ತಪ್ಪು ನಂದ ರೀ ಸಾಹೇಬ್ರ. ಮೊದಲ್ನೇ ಸಾಲಿನ್ಯಾಗ 786 ಬರ್ದಿದ್ದೆ. ನಿನ್ನಿ ಇಂಥಾದ್ದಕ್ಕ ಈ ಹುಡುಗನ್ನ ಎಲ್ಲಾರ ಮುಂದ ಬೈದು ಬಂದೀನಿ.” ಅಂದವನೇ ಮಾಡೆಲ್ ನಡೆಸಲು ಎಂಟರ್ ಕೀಲಿಗೆ ಕೈ ಚಾಚಿದ.

“ನಿಲ್ರೀ!” ಉದಯಕುಮಾರರು ಗುಡುಗಿದರು.

ಹೋಯಿತು ನೌಕರಿ, ಟಪಾಲೇ ಗತಿ ಎಂದುಕೊಂಡ ಸಮೀಉಲ್ಲಾ. ಸಾಹೇಬರು ಗೋಡೆಯ ಗಡಿಯಾರ ನೋಡಿ ಕುರ್ಚಿ ಎಳೆದು ಕೂತರು.

“ರಾಹುಕಾಲ ಅದ. ಹನ್ನೆರಡಾಗ್ಲಿ, ಆಮ್ಯಾಲ ಒತ್ತ್ರಿ.”

ಸಮೀಉಲ್ಲಾ ಅಮರೇಶನ ಮುಖ ನೋಡಿದ. ಅಮರೇಶ ತಟಕ್ಕನೆ ಸೂರು ನೋಡಿದ. ಮೂರು ಕಪ್ ಚಹಾ ಬಂತು. ಹನ್ನೆರಡು ದಾಟಿದ ಮೇಲೆ ಎಂಟರ್ ಒತ್ತಿದರೆ ನೀಲಿ ಗೆರೆ ಕಾಲುವೆಗುಂಟ ಹರಿದು ಪೋತ್ನಾಳ ಮುಟ್ಟಿತು: ಮಂಗಳವಾರ ಮುಂಜಾನೆ. ಉದಯಕುಮಾರರು ಅದನ್ನು ತಾವೇ ಲೆಕ್ಕ ಹಾಕಿದಂತೆ ಗತ್ತಿನಿಂದ ಹೊರಗೆ ಹೋಗಿ ರೈತರಿಗೆ ಹೇಳಿದರು. ಒಳಗೆ ಬಂದು, “ಹೈದರಾಬಾದಿನವ್ರಿಗೆ ಬ್ಯಾಡಂತ ಹೇಳ್ತೀನಿ,” ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಅಮರೇಶ ದೇವದುರ್ಗದ ಬಸ್ಸಿಗೆ ಕಾಯುತ್ತಿದ್ದ. ರಾಯಚೂರಿನ ಬಸ್ಸು ಮುಂದೆಯೇ ನಿಂತಿದ್ದರೂ ಸಮೀಉಲ್ಲಾ ಹತ್ತಲಿಲ್ಲ.

“ನಾನೂ ನಿನ್ನ ಸಂಗಾಟ ಬರ್ತೀನಿ.”

“ಯಾಕ್ರೀ ಸರ್? ಅಲ್ಲಿ ಕೆಲ್ಸ ಮುಗಿದದಲ್ರಿ.”

“ನಿಮ್ಮ ಆಫೀಸಿನವ್ರೆಲ್ಲಾ ಇರೋ ಹೊತ್ತಿಗೆ ಮುಟ್ಟಬೇಕು. ಎಲ್ಲಾರ ಮುಂದ ಬೈದೀನಿ, ಬಸ್‌ಸ್ಟ್ಯಾಂಡಿನ ಮೂಲ್ಯಾಗ ಮಾಫಿ ಕೇಳಿದ್ರ ಅದು ಲೆಕ್ಕಕ್ಕ ಬರಂಗಿಲ್ಲ.”

“ಬ್ಯಾಡ್ ಬಿಡ್ರಿ ಸರ್, ಮಂದಿ ನಗ್ತಾರ.”

“ನಗ್ಲಿ,” ಎಂದ ಸಮೀಉಲ್ಲಾ. “ಇವತ್ತು ನನ್ನ ಪಾಳಿ.”